ಗೋಡೆಯ ಕಣ್ಣು

ಮೊನ್ನೆ ಬೋಗಾದಿಯ ನಮ್ಮ ಬಡಾವಣೆಯಲ್ಲಿ ಹೊಸದಾಗಿ ಶುರುವಾಗಿರುವ ಹಿಟ್ಟಿನ ಗಿರಣಿಗೆ ಹೋಗಿದ್ದೆ. ಹುರಿದ ಧನಿಯ, ಮೆಂತ್ಯ, ಮೆಣಸಿನಕಾಯಿ ತುಂಬಿದ ಡಬ್ಬಿ ಒಂದು ಕೈಯಲ್ಲಿ, ಮಗಳ ಕೈ ಇನ್ನೊಂದು ಕೈಯಲ್ಲಿ. ಗಿರಣಿಯವನು ಡಬ್ಬಿ ಸುರಿದು ಗುಂಡಿ ಒತ್ತಿದ್ದೇ ತಡ, ಬಿಸಿ ಹುಳಿಪುಡಿಯ ಘಾಟು ಬಂದು ಮೂಗಿಗೆ ಬಡಿಯಿತು. ಮೊದಲ ಸೀನು ನನ್ನದು, ಎರಡನೆಯದು ಮಗಳದು. ಆಮೇಲೆ ಅವಳು ಮೂಗು ಮುಚ್ಚಿಕೊಂಡು ಒಂದು ಮಾತು ಹೇಳಿದಳು. ಆ ಮಾತು ಕೇಳಿ ನಾನು ನಡುಬೀದಿಯಲ್ಲಿ ಚಪ್ಪಾಳೆ ತಟ್ಟಿಬಿಟ್ಟೆ. ಅದೇನೆಂದು ಕೊನೆಗೆ ಹೇಳುತ್ತೇನೆ, ಮೊದಲು ನೀವು ನಮ್ಮ ಎದುರುಮನೆ ಟೀಚರಮ್ಮನನ್ನು ನೋಡಬೇಕು.

ನಾನು ಸ್ಕೂಲಿಗೆ ಹೋಗುತ್ತಿದ್ದಾಗ ನಾವು ಮೈಸೂರಿನ ಅಗ್ರಹಾರದ ಒಂದು ಕಿರಿದಾದ ಬೀದಿಯಲ್ಲಿ ಬಾಡಿಗೆಗೆ ಇದ್ದೆವು. ಅಪ್ಪನಿಗೆ ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಸಗಟು ಅಂಗಡಿ. ನಮ್ಮ ಮನೆಯ ಎದುರಿಗೆ ಟೀಚರಮ್ಮನ ಮನೆ, ಅದಕ್ಕೆ ಅಂಟಿಕೊಂಡಂತೆ ಒಂದು ಹಿಟ್ಟಿನ ಗಿರಣಿ. ಟೀಚರಮ್ಮ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಅವರೂ ಅವರ ತಂಗಿಯೂ ಇಬ್ಬರೇ ಆ ಮನೆಯಲ್ಲಿ. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ಅವರ ನಡುಮನೆಯಲ್ಲಿ ಪಾಠಕ್ಕೆ ಸೇರುತ್ತಿದ್ದೆವು. ಗಿರಣಿ ತಿರುಗುವ ಹೊತ್ತಿನಲ್ಲಿ ಅವರು ಕೂಗಿಕೊಂಡು ಪಾಠ ಮಾಡುತ್ತಿದ್ದರು, ನಾವು ಸೀನಿಕೊಂಡು ಕೇಳುತ್ತಿದ್ದೆವು.

ನಾನಾಗ ಹತ್ತನೇ ಕ್ಲಾಸು. ಗಣಿತಕ್ಕೆ ಹೆದರುವವರನ್ನು ಕಂಡಿದ್ದೇನೆ, ನನಗೆ ಹೆದರಿಕೆ ಇದ್ದದ್ದು ಅಲಂಕಾರಗಳಿಗೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ... ನಾಲ್ಕೂ ಒಂದೇ ಮನೆಯ ಅವಳಿಜವಳಿ ಮಕ್ಕಳ ಹಾಗೆ ಕಾಣುತ್ತಿದ್ದವು. ಯಾರು ಯಾರೆಂದು ಗುರುತು ಹಿಡಿಯುವಷ್ಟರಲ್ಲಿ ಪರೀಕ್ಷೆಯ ಗಂಟೆ ಹೊಡೆದಿರುತ್ತಿತ್ತು.

ಟೀಚರಮ್ಮನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸಿಲು ದಾಟಬೇಕಾದರೆ ದಿನಕ್ಕೊಂದು ಅಲಂಕಾರ ಕೊಡಬೇಕು. ಅದಕ್ಕೆ ಅವರು ಬಾಗಿಲು ಸುಂಕ ಅಂತ ಹೆಸರಿಟ್ಟಿದ್ದರು. ಪುಸ್ತಕದಿಂದ ತಂದರೆ ನಡೆಯುತ್ತಿರಲಿಲ್ಲ, ಆ ದಿನ ಕಿವಿಯಾರೆ ಕೇಳಿದ್ದೇ ಆಗಬೇಕು. ಮೊದಲ ದಿನ ನಾನು ಗೈಡಿನಿಂದ ಒಂದು ಮುಖಕಮಲವನ್ನು ಉರು ಹೊಡೆದುಕೊಂಡು ಹೋಗಿದ್ದೆ. "ಈ ಕಮಲ ಬಾಡಿ ಎಷ್ಟೋ ಕಾಲ ಆಯ್ತು ಕಣೇ, ಹೋಗಿ ಹೊಸದು ತಗೊಂಡ್ ಬಾ" ಎಂದು ವಾಪಸ್ಸು ಕಳಿಸಿಬಿಟ್ಟರು. ತಲೆನೋವು, ನೆಗಡಿ ಎಂದು ಏನೇನೋ ಹೇಳಿ ನೋಡಿದೆ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗಾಯಿತು.

ಮನೆಗೆ ಬಂದು ಮುಖ ಊದಿಸಿಕೊಂಡು ಕೂತೆ. ಅಮ್ಮ ಅಕ್ಕಿ ಆರಿಸುತ್ತ ಬೈಯುತ್ತಲೇ ಇದ್ದಳು. ನಾನು ಅಲ್ಲಾಡಲಿಲ್ಲ. ಕೊನೆಗೆ ಮೊರ ಕೆಳಗಿಟ್ಟು, "ನಿಂಗೆ ಬುದ್ಧಿ ಏಳೋದೂ ಒಂದೇ, ಎಮ್ಮೆ ಮ್ಯಾಲೆ ಮಳೆ ಉಯ್ದಂಗೂ ಒಂದೇ!" ಎಂದಳು.

ಉಯ್ದಂಗೆ! ನಾನು ಎದ್ದು ಓಡಿದೆ. ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ. "ಟೀಚರ್, ನಮ್ಮಮ್ಮ ಉಪಮೆ ಹೇಳ್ಬುಟ್ಲು!" ಎಂದು ಬಾಗಿಲಲ್ಲೇ ಕಿರುಚಿದೆ. ಅವರು ನಗಲಿಲ್ಲ. ಗಂಭೀರವಾಗಿ ವಿಚಾರಣೆ ಶುರು ಮಾಡಿದರು. ಯಾರ ಬಗ್ಗೆ ಹೇಳಿದ್ದು? ನನ್ನ ಬಗ್ಗೆ. ಹಾಗಾದರೆ ನೀನು ಉಪಮೇಯ. ಯಾವುದಕ್ಕೆ ಹೋಲಿಸಿದ್ದು? ಎಮ್ಮೆಗೆ. ಅದು ಉಪಮಾನ. ಎರಡನ್ನೂ ಗಂಟು ಹಾಕಿದ ಮಾತು ಯಾವುದು? ಅಂಗೆ. ಇಬ್ಬರಲ್ಲೂ ಇರುವ ಸಮಾನ ಗುಣ? ನಾನು ತಲೆ ತಗ್ಗಿಸಿ, "ಏನ್ ಸುರಿದ್ರೂ ತಾಗಲ್ಲ" ಎಂದೆ. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದು, "ನಾಲ್ಕೂ ಸಿಕ್ತಲ್ಲ, ಒಳಗೆ ಬಾ" ಎಂದರು. ಎಮ್ಮೆಯಾದದ್ದಕ್ಕೆ ಅಷ್ಟು ಹೆಮ್ಮೆಪಟ್ಟವಳು ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು.

ಅಲ್ಲಿಂದ ನನಗೆ ಹುಚ್ಚೇ ಹಿಡಿಯಿತು. ಕಿವಿಗಳಿಗೆ ಯಾರೋ ಹೊಸದಾಗಿ ಕೀಲೆಣ್ಣೆ ಬಿಟ್ಟಂತಾಗಿತ್ತು. ಬೀದಿಗೆ ಬರುತ್ತಿದ್ದ ಸೊಪ್ಪಿನವಳು "ಸೊಪ್ಪೂ ಸೊಪ್ಪೂ, ಸಬ್ಬಸಿಗೆ ಸೊಪ್ಪೂ" ಎಂದು ಕೂಗಿದರೆ ನನಗೆ ಸೊಪ್ಪು ಕಾಣುತ್ತಿರಲಿಲ್ಲ, ಮತ್ತೆ ಮತ್ತೆ ಬರುವ ಆ ಸಕಾರ, ಅದರ ಅನುಪ್ರಾಸ ಕೇಳುತ್ತಿತ್ತು. ಆಟೋದವನು ಬಿಸಿಲಿಗೆ ಬೈಯುತ್ತ "ರೋಡ್ ಮೇಲೆ ದೋಸೆ ಉಯ್ಬೋದು" ಅಂದರೆ, ಅತಿಶಯೋಕ್ತಿ ಸಿಕ್ಕಿತೆಂದು ಕುಣಿಯುತ್ತಿದ್ದೆ. ಅಪ್ಪ ಊಟಕ್ಕೆ ಕೂತು ಅಂಗಡಿಯ ಸುದ್ದಿ ಹೇಳುವಾಗ ನಾನು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆ. ಮಗಳಿಗೆ ವ್ಯಾಪಾರದಲ್ಲಿ ಆಸಕ್ತಿ ಬಂತೆಂದು ಅವರು ಬಹಳ ಸಂತೋಷಪಟ್ಟರು, ಪಾಪ.

ರೂಪಕವನ್ನು ಟೀಚರಮ್ಮ ಹೇಳಿಕೊಟ್ಟ ರೀತಿ ಇನ್ನೂ ನೆನಪಿದೆ. ಉಪಮೆಯಲ್ಲಿ ಇಬ್ಬರು ಪಕ್ಕಪಕ್ಕದ ಮನೆಯಲ್ಲಿರುತ್ತಾರೆ, ನಡುವೆ 'ಅಂತೆ' ಅನ್ನುವ ಗೋಡೆ ಇರುತ್ತೆ. "ಆ ಗೋಡೆ ಕೆಡವ್ಬುಡಿ, ಎರಡು ಮನೇನೂ ಒಂದೇ ಆಗೋಗುತ್ತೆ. ಅದೇ ರೂಪಕ" ಎಂದಿದ್ದರು. ಆ ಹೊತ್ತಿಗೆ ಸರಿಯಾಗಿ ಗಿರಣಿ ಗಡಗಡ ಅಂದಿತು. ಅದನ್ನೇ ಹಿಡಿದುಕೊಂಡು, "ನೋಡಿ, ನಮ್ಮ ಬೀದಿ ಗಂಟಲು ಕೆಮ್ತಾ ಇದೆ" ಎಂದರು. ಆಮೇಲೆ ನಾವೆಲ್ಲ ಗಿರಣಿಯನ್ನು ಗಂಟಲೆಂದೇ ಕರೆಯುತ್ತಿದ್ದೆವು. ಗಂಟಲಿಗೆ ಹೋಗಿ ರಾಗಿ ಬೀಸಿಸಿಕೊಂಡು ಬರುತ್ತೇನೆ ಅಂದರೆ ಅಮ್ಮ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಟೀಚರಮ್ಮ ಕಾಫಿ ಲೋಟ ಹಿಡಿದವರು ಹಾಗೆಯೇ ಕುಸಿದರು. ತಲೆಗೆ ಹೋಗುವ ರಕ್ತ ಕಟ್ಟಿಕೊಂಡಿತ್ತಂತೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ನಡೆಯುತ್ತಿದ್ದರು, ಕೈ ಆಡುತ್ತಿತ್ತು, ನಮ್ಮನ್ನು ನೋಡಿ ಮುಗುಳ್ನಕ್ಕರು. ಆದರೆ ಮಾತು ಮಾತ್ರ... ಅವರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು "ಬೆಳಗು ಕೊಡು" ಎನ್ನುತ್ತಿದ್ದರು. ತಂಗಿ ಲೈಟು ಹಾಕುತ್ತಿದ್ದರು. ಟೀಚರಮ್ಮ ತಲೆ ಅಡ್ಡಡ್ಡ ಆಡಿಸಿ ಮತ್ತೆ "ಬೆಳಗು, ಬೆಳಗು" ಎಂದು ಹಟ ಹಿಡಿಯುತ್ತಿದ್ದರು. ತಂಗಿ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಆಗ ಟೀಚರಮ್ಮ ಹಣೆ ಚಚ್ಚಿಕೊಂಡು ಅಳುತ್ತಿದ್ದರು, ತಂಗಿಯೂ ಅಳುತ್ತಿದ್ದರು.

ಪದಗಳು ನಿಧಾನವಾಗಿ ಬರಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಅಷ್ಟು ಕಾಯುವ ಧೈರ್ಯ ತಂಗಿಗಿರಲಿಲ್ಲ. ಅಕ್ಕನಿಗೆ ಬುದ್ಧಿಭ್ರಮಣೆ ಆಗಿದೆ ಎಂದೇ ಅವರು ನಂಬಿದ್ದರು. ಯಾರಾದರೂ ನೋಡಿ ಆಡಿಕೊಂಡಾರೆಂದು ಪಾಠ ನಿಲ್ಲಿಸಿದರು, ಬಾಗಿಲು ಹಾಕಿಕೊಂಡರು. ಹಾಸನದ ಕಡೆ ಅವರಿಗೊಬ್ಬ ತಮ್ಮನಿದ್ದ, ಶುಕ್ರವಾರ ಕಾರು ತಂದು ಅಕ್ಕನನ್ನು ಕರೆದುಕೊಂಡು ಹೋಗಿ ಅಲ್ಲೇ ಇಟ್ಟುಕೊಳ್ಳುವುದೆಂದು ಮಾತಾಯಿತು. ಟೀಚರಮ್ಮನಿಗೆ ಅದೆಲ್ಲ ಅರ್ಥವಾಗುತ್ತಿತ್ತು. ಹೋಗಲಾರೆ ಎನ್ನಲು ಅವರಿಗೆ ಮಾತು ಕೂಡಿಬರುತ್ತಿರಲಿಲ್ಲ ಅಷ್ಟೆ. ಕಂಬ ಹಿಡಿದುಕೊಂಡು ಕೂತುಬಿಡುತ್ತಿದ್ದರಂತೆ.

ಗುರುವಾರ ಸಂಜೆ ನನಗೆ ತಡೆಯಲಾಗಲಿಲ್ಲ. ಸುಂಕಕ್ಕೆಂದು ಒಂದು ಒಳ್ಳೆಯ ಉಪಮೆಯನ್ನು ಬಾಯಲ್ಲಿ ಇಟ್ಟುಕೊಂಡು ಎದುರುಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ಹೊಗೆ! ಕಣ್ಣು ಬಿಡಲಾಗದ ಮೆಣಸಿನಕಾಯಿ ಘಾಟು. ಟೀಚರಮ್ಮ ಕುರ್ಚಿಯಲ್ಲಿ ಕೂತು ಕೆಮ್ಮುತ್ತಿದ್ದರು. ತಂಗಿ ಅವರ ಮುಂದೆ ನಿಂತು ಮುಷ್ಟಿಯಲ್ಲಿ ಒಣಮೆಣಸಿನಕಾಯಿ, ಉಪ್ಪು ಹಿಡಿದು ನೀವಾಳಿಸಿ, ಕೆಂಡದ ಬಾಣಲೆಗೆ ಹಾಕುತ್ತಿದ್ದರು.

"ಕಣ್ಣು ತಾಗಿದೆ ಕಣೇ ಇವಳಿಗೆ. ಮಧ್ಯಾಹ್ನದಿಂದ ಒಂದೇ ಸಮ ಕಣ್ಣು, ಕಣ್ಣು ಅಂತಿದಾಳೆ. ಯಾರ ಕೆಟ್ಟ ಕಣ್ಣು ಬಿತ್ತೋ ಕಾಣೆ" ಎಂದು ತಂಗಿ ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಇದು ಎರಡನೆಯ ಸಲವಂತೆ, ಮೊದಲ ಸಲ ತೆಗೆದ ದೃಷ್ಟಿ ಸಾಲಲಿಲ್ಲವಂತೆ.

ಟೀಚರಮ್ಮ ನನ್ನ ಕೈ ಹಿಡಿದುಕೊಂಡರು. ಕೆಮ್ಮಿನ ನಡುವೆಯೇ, "ಕಣ್ಣು ಮುಚ್ಚು... ಗೋಡೆ ಕಣ್ಣು ಮುಚ್ಚು... ಗಂಟಲು... ಗಂಟಲು" ಎಂದರು.

ತಂಗಿ, "ನೋಡು, ಈಗ ಗಂಟಲಿಗೂ ಬಂತು" ಎಂದು ಇನ್ನೊಂದು ಮುಷ್ಟಿ ಮೆಣಸಿನಕಾಯಿ ತರಲು ಅಡುಗೆಮನೆಗೆ ಓಡಿದರು.

ನಾನು ನಿಂತೇ ಇದ್ದೆ. ಗಂಟಲು. ನಮ್ಮ ಬೀದಿಯ ಗಂಟಲು! ಕಿವಿಗೊಟ್ಟೆ. ಪಕ್ಕದ ಗಿರಣಿ ಗಡಗಡ ತಿರುಗುತ್ತಿತ್ತು, ಯಾರದೋ ಮದುವೆ ಮನೆಗೆ ಖಾರದಪುಡಿ ಬೀಸುತ್ತಿದ್ದರು. ಅಷ್ಟೂ ಘಾಟು ಗಿರಣಿಯ ಕಡೆಗಿದ್ದ ಕಿಟಕಿಯಿಂದ ಟೀಚರಮ್ಮನ ಮುಖಕ್ಕೇ ನುಗ್ಗುತ್ತಿತ್ತು. ಕಿಟಕಿ... ಗೋಡೆಗೆ ಕಣ್ಣು ಅಂದರೆ ಇನ್ನೇನು? ಅವರು ಹುಚ್ಚುಚ್ಚಾಗಿ ಮಾತಾಡುತ್ತಿರಲಿಲ್ಲ. ಉಪಮೇಯದ ಹೆಸರು ಕಳೆದುಹೋಗಿತ್ತು, ಉಪಮಾನ ಮಾತ್ರ ಕೈಗೆ ಸಿಗುತ್ತಿತ್ತು. ಸಿಕ್ಕಿದ್ದನ್ನೇ ಕೊಟ್ಟು ಬೇಕಾದ್ದನ್ನು ಕೇಳುತ್ತಿದ್ದರು.

ಓಡಿಹೋಗಿ ಕಿಟಕಿಯ ಬಾಗಿಲೆರಡನ್ನೂ ಎಳೆದು ಚಿಲಕ ಹಾಕಿದೆ, ಕೆಂಡದ ಬಾಣಲೆಯನ್ನು ಹೊರಗಿಟ್ಟು ಬಂದೆ. ಟೀಚರಮ್ಮ ಕುರ್ಚಿಗೆ ಒರಗಿ ಉಸಿರು ಬಿಟ್ಟರು. ಆಮೇಲೆ ನನ್ನನ್ನು ನೋಡಿದರು... ಆ ನೋಟವನ್ನು ಬರೆಯಲು ನನಗೆ ಇವತ್ತಿಗೂ ಬರುವುದಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ನಗುತ್ತಿತ್ತು.

ತಂಗಿ ಮೆಣಸಿನಕಾಯಿ ಹಿಡಿದುಕೊಂಡು ಬಂದರು. ನಾನು ಒಂದೇ ಉಸಿರಿಗೆ ಕೂಗಿದೆ. "ಕೆಟ್ಟ ಕಣ್ಣಲ್ಲ ಕಣ್ರೀ, ಕಿಟಕಿ! ಟೀಚರ್ ರೂಪಕದಲ್ಲಿ ಮಾತಾಡ್ತಾ ಇದಾರೆ!" ಅವರಿಗೆ ನಂಬಿಕೆ ಬರಲಿಲ್ಲ. "ಹಂಗಾದ್ರೆ ದಿನಾ ಬೆಳಗು ಕೊಡು ಅಂತ ಪ್ರಾಣ ತೆಗೀತಾಳಲ್ಲ, ಅದೇನೇ?" ಎಂದರು. ಬೆಳಗು ಯಾವುದರಿಂದ ಆಗುತ್ತದೆ ಎಂದು ನಾನು ಯೋಚಿಸಿದೆ. ಸೂರ್ಯನಿಂದ, ಹೌದು. ಆದರೆ ಅಗ್ರಹಾರದಲ್ಲಿ? ಅಡುಗೆಮನೆಗೆ ಹೋಗಿ ಫಿಲ್ಟರಿನಲ್ಲಿದ್ದ ಡಿಕಾಕ್ಷನ್ನಿಗೆ ಬಿಸಿ ಹಾಲು ಬೆರೆಸಿ ತಂದುಕೊಟ್ಟೆ. ಟೀಚರಮ್ಮ ಎರಡೂ ಕೈಯಲ್ಲಿ ಲೋಟ ಹಿಡಿದು, ಮೂಗಿನ ಹತ್ತಿರ ತಂದು, "ಬೆಳಗು" ಎಂದರು. ತಂಗಿ ಅಲ್ಲೇ ಕುಸಿದು ಕೂತು ಅಕ್ಕನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟರು. ಕುಸಿದು ಬಿದ್ದ ದಿನದಿಂದ ಅಕ್ಕನಿಗೆ ಕಾಫಿ ಬೇಡವೆಂದು ಅವರೇ ತೀರ್ಮಾನಿಸಿಬಿಟ್ಟಿದ್ದರು.

ಮರುದಿನ ಕಾರು ಬಂತು. ತಮ್ಮನೂ ಇಳಿದ. ಅಷ್ಟರಲ್ಲಿ ಬೀದಿಯ ಮಕ್ಕಳನ್ನೆಲ್ಲ ನಾನು ನಡುಮನೆಯಲ್ಲಿ ಗುಡ್ಡೆ ಹಾಕಿದ್ದೆ. ಟೀಚರಮ್ಮ ಒಂದೊಂದೇ ಮಾತು ಹೇಳುವುದು, ನಾವು ಅದರ ಮನೆ ಹುಡುಕುವುದು. "ಕೈಸೂರು" ಎಂದರು. ಛತ್ರಿ ಎಂದು ಕಿರುಚಿದೆವು. "ನೂರು ಹಲ್ಲಿನ ಹೆಂಗಸು" ಎಂದರು. ಬಾಚಣಿಗೆ ಎಂದು ಒಬ್ಬಳು ಗೆದ್ದಳು. ತಪ್ಪಿದಾಗಲೆಲ್ಲ ಅವರು ನಕ್ಕು ತಲೆ ಆಡಿಸುತ್ತಿದ್ದರು. ತಮ್ಮ ಹೊಸಿಲ ಹೊರಗೇ ನಿಂತು ನೋಡುತ್ತಿದ್ದ. ಟೀಚರಮ್ಮ ಅವನತ್ತ ಕೈ ತೋರಿಸಿ, "ಸುಂಕ" ಎಂದರು. ಅವನಿಗೆ ಏನೂ ತಿಳಿಯಲಿಲ್ಲ. ತಂಗಿ ಮೆಲ್ಲಗೆ, "ಏನಾದ್ರೂ ಒಂದು ಉಪಮೆ ಹೇಳೋ, ಇಲ್ದಿದ್ರೆ ಒಳಗೆ ಬಿಡಲ್ಲ ಇವಳು" ಎಂದರು. ಕಾರು ಆ ದಿನ ಖಾಲಿಯೇ ವಾಪಸ್ಸು ಹೋಯಿತು, ಆಮೇಲೆ ಬರಲೂ ಇಲ್ಲ.

ಪದಗಳು ಮೆಲ್ಲಮೆಲ್ಲಗೆ ಹಿಂದಿರುಗಿದವು. ಹಾಗೆ ಬಂದವುಗಳಲ್ಲಿ ಕಿಟಕಿಯೂ ಒಂದು. ಕಾಫಿಯೂ ಬಂತು, ಆದರೆ ಅವರು ಬೆಳಗು ಅನ್ನುವುದನ್ನು ಬಿಡಲಿಲ್ಲ. ಬಾರದೆ ಹೋದದ್ದು ಜನರ ಹೆಸರುಗಳು. ನನ್ನ ಹೆಸರು ಅವರಿಗೆ ಕೊನೆಯವರೆಗೂ ಸಿಗಲಿಲ್ಲ. ನನ್ನನ್ನು ಕಿಟಕಿ ಎಂದೇ ಕರೆಯುತ್ತಿದ್ದರು. "ಕಿಟಕಿ ಬಂದ್ಲು" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಪರೀಕ್ಷೆಯಲ್ಲಿ ಅಲಂಕಾರದ ಪ್ರಶ್ನೆ ಬಂದಾಗ ನಾನು ನಗುತ್ತ ಬರೆದೆ, ಮೇಲ್ವಿಚಾರಕರು ಬಂದು ಕಾಪಿ ಚೀಟಿ ಇದೆಯೇನೋ ಎಂದು ನೋಡಿ ಹೋದರು.

ಆಮೇಲೆ ನಾವು ಆ ಬೀದಿ ಬಿಟ್ಟೆವು. ನನಗೆ ಕಾಲೇಜು, ಕೆಲಸ, ಮದುವೆ... ಹೋಗಿ ಬರುವುದು ಇದ್ದೇ ಇತ್ತು. ಹೋದಾಗಲೆಲ್ಲ ಸುಂಕ ಕಟ್ಟಿಯೇ ಒಳಗೆ ಹೋಗುತ್ತಿದ್ದೆ. ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ಟೀಚರಮ್ಮ ತೀರಿಕೊಂಡರು. ತಂಗಿ ಹಾಸನದ ತಮ್ಮನ ಮನೆ ಸೇರಿಕೊಂಡರು. ಈಗ ಆ ಮನೆಯಿದ್ದ ಜಾಗದಲ್ಲಿ ಗಾಜಿನ ಬಾಗಿಲಿನ ಅಂಗಡಿಯಿದೆ, ಯಾರು ಬೇಕಾದರೂ ಒಳಗೆ ಹೋಗಬಹುದು. ಗಿರಣಿಯೂ ಇಲ್ಲ.

ಮೊನ್ನೆ ಬೋಗಾದಿಯ ಗಿರಣಿಯ ಮುಂದೆ ಮಗಳು ಮೂಗು ಮುಚ್ಚಿಕೊಂಡು ಹೇಳಿದ್ದು ಇಷ್ಟು: "ಅಮ್ಮಾ, ಗಾಳಿಗೆ ಹಲ್ಲು ಬಂದ್ಬುಟ್ಟಿದೆ."

ಅಂತೆಯೂ ಇಲ್ಲ, ಹಾಗೆಯೂ ಇಲ್ಲ. ಗೋಡೆ ಕೆಡವಿಯೇ ತಂದಿದ್ದಳು ಹುಡುಗಿ! ಡಬ್ಬಿ ಇಸಿದುಕೊಂಡು, ಅವಳನ್ನು ಸ್ಕೂಟರಿಗೆ ಹತ್ತಿಸಿ, ಮನೆಯ ಕಡೆ ತಿರುಗಿಸಬೇಕಾದ ಗಾಡಿಯನ್ನು ಅಗ್ರಹಾರದ ಕಡೆಗೆ ತಿರುಗಿಸಿಬಿಟ್ಟಿದ್ದೆ. ಎಷ್ಟೋ ದೂರ ಹೋದ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ನೆನಪಾಯಿತು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಮಗಳು ಕೇಳಿದಳು. ಹಸಿರು ದೀಪ ಬಂತು, ಹಿಂದಿನವರು ಹಾರನ್ ಹೊಡೆಯುತ್ತಿದ್ದರು. ಇಷ್ಟು ಒಳ್ಳೆಯ ಸುಂಕ ತಂದಿದ್ದಾಳೆ, ಬಾಗಿಲಲ್ಲಿ ನಿಂತು ಕೇಳುವವರು ಇಲ್ಲ ಎಂದು ಅವಳಿಗೆ ಹೇಗೆ ಹೇಳಲಿ?