ಅವ್ವ ಸುತ್ತಿದ ಕಾಯಿಲ್

ನಾನು ಕೈಯಾರೆ ಮಾಡಿದ ಮೊದಲ ಎಲೆಕ್ಟ್ರಿಕ್ ಗಿಟಾರಿಗೆ ಒಂಬತ್ತು ಸಾವಿರದ ಇನ್ನೂರು ರೂಪಾಯಿ ಬಿತ್ತು. ಆರೂವರೆ ಸಾವಿರದಲ್ಲಿ ಮುಗಿಯಬೇಕಿದ್ದ ಕೆಲಸ. ಮರ ದುಬಾರಿಯಾಗಲಿಲ್ಲ. ಚಳ್ಳಕೆರೆಯಲ್ಲಿ ಹಳೆಯ ಎಣ್ಣೆ ಮಿಲ್ಲೊಂದನ್ನು ಕೆಡವಿದಾಗ ಅದರ ತೇಗದ ಬಾಗಿಲು ಗುಜರಿಗೆ ಬಂದಿತ್ತು. ಗುಜರಿಯವನು ಸಾವಿರದ ಐನೂರು ಅಂದ. ನಾನು ಬೆಲೆಯ ಮಾತೇ ಎತ್ತದೆ ಬಾಗಿಲಿನ ಮೊಳೆ ತೂತುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಎಣಿಸತೊಡಗಿದೆ. ಹದಿನೇಳನೆಯ ತೂತಿಗೆ ಅವನು, "ಬಸ್ ಕರೋ ಭಾಯ್, ಆರ್ನೂರು ಕೊಟ್ಟು ತಗೊಂಡ್ ಹೋಗು, ಗಿರಾಕಿ ಕೇಳಿಸ್ಕೊಂತಾರೆ" ಅಂದ. ಹೆಚ್ಚಿನ ದುಡ್ಡೆಲ್ಲ ಹೋದದ್ದು ತಾಮ್ರದ ತಂತಿಗೆ. ಒಂದಿಷ್ಟು ತಂತಿ ನನ್ನ ಕೈಯಿಂದ ಹಾಳಾಯಿತು, ಇನ್ನೊಂದಿಷ್ಟು ನನ್ನ ಬಾಯಿಯಿಂದ. ಕೈಯಿಂದ ಹಾಳಾದದ್ದಕ್ಕೆ ನನಗೆ ಬೇಜಾರಿಲ್ಲ.

ನನ್ನ ಹೊಟ್ಟೆಪಾಡು ಮೋಟಾರ್ ರಿವೈಂಡಿಂಗ್. ಪರಶುರಾಂಪುರದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬರುವ ಸುಟ್ಟ ಬೋರ್‌ವೆಲ್ ಮೋಟಾರುಗಳನ್ನು ಬಿಚ್ಚಿ, ಹೊಸ ತಾಮ್ರ ಸುತ್ತಿ ಕಳಿಸುತ್ತೇನೆ. ಹುಟ್ಟಿದ್ದು ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ. ಮಗ್ಗಕ್ಕೆ ಕೂರಲು ಮನಸ್ಸಾಗಲಿಲ್ಲ. ಹನ್ನೊಂದು ವರ್ಷ ಇನ್ನೊಬ್ಬರ ಅಂಗಡಿಯಲ್ಲಿ ದುಡಿದು, ಚಳ್ಳಕೆರೆಯಲ್ಲಿ ನನ್ನದೇ ಶೆಟರ್ ಎತ್ತಿದೆ. ಗಿಟಾರ್ ನನ್ನ ದಾರಿಗೆ ಬಂದದ್ದು ಕುದಾಪುರದ ಕಡೆಯ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವ ಒಬ್ಬ ಇಂಜಿನಿಯರಿನಿಂದ. ಅವರ ಗಿಟಾರ್ ಸದ್ದು ನಿಲ್ಲಿಸಿತ್ತು. "ನೀವು ಮೋಟಾರ್ ಸುತ್ತೋರಲ್ವಾ, ಇದನ್ನೂ ಸುತ್ತಿ ಕೊಡಿ" ಎಂದು ತಂದಿಟ್ಟರು.

ಬಿಚ್ಚಿ ನೋಡಿದೆ. ಗಿಟಾರಿನ ತಂತಿಗಳ ಕೆಳಗೆ ಬೆರಳುದ್ದದ ಒಂದು ಪುಟ್ಟ ಡಬ್ಬಿ. ಅದರೊಳಗೆ ಆರು ಅಯಸ್ಕಾಂತದ ಕಡ್ಡಿ, ಅವುಗಳ ಸುತ್ತ ತಲೆಕೂದಲಿಗಿಂತ ಸಣ್ಣ ತಾಮ್ರದ ತಂತಿ, ಏಳೆಂಟು ಸಾವಿರ ಸುತ್ತು. ಅದನ್ನೇ ಕಾಯಿಲ್ ಅನ್ನುತ್ತೇವೆ. ಮೇಲಿನ ತಂತಿ ಅಲುಗಿದ್ದನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಅದನ್ನು ರಿಪೇರಿ ಮಾಡಿಕೊಟ್ಟ ಮೇಲೆ ನನಗೆ ಹುಚ್ಚು ಹತ್ತಿತು: ಇಷ್ಟೇ ತಾನೇ, ಇಡೀ ಗಿಟಾರನ್ನೇ ಮಾಡಿದರೇನು? ಇಂಜಿನಿಯರ್, "ಮಾಡಿ, ಚೆನ್ನಾಗಿದ್ರೆ ನಾನೇ ತಗೋತೀನಿ" ಅಂದರು. ಮನೆಯ ಹಿಂದಿನ ಶೀಟಿನ ಕೋಣೆ ಕಾರ್ಖಾನೆಯಾಯಿತು.

ಅದೇ ಸಮಯಕ್ಕೆ ಅವ್ವ ನಮ್ಮ ಮನೆಗೆ ಬಂದಳು. ಅಪ್ಪ ತೀರಿಕೊಂಡ ಮೇಲೂ ಅವಳು ಮೊಳಕಾಲ್ಮೂರಿನಲ್ಲಿ ಸಂಬಂಧಿಕರ ಮಗ್ಗಗಳಿಗೆ ಕಂಡಿಕೆ ಸುತ್ತಿಕೊಡುತ್ತಿದ್ದಳು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿ. ಅದಕ್ಕೆ ರಾಟೆಯಲ್ಲಿ ರೇಷ್ಮೆ ಸುತ್ತುವುದು ನಮ್ಮ ಹೆಂಗಸರ ಕೆಲಸ. ಎಡಗೈಗೆ ನಡುಕ ಬಂದ ಮೇಲೆ ಒಬ್ಬೊಬ್ಬರಾಗಿ ನೂಲು ಕೊಡುವುದನ್ನು ನಿಲ್ಲಿಸಿದರು. ಯಾರೂ ಕಾರಣ ಹೇಳಲಿಲ್ಲ. "ಈಗ ಕೆಲಸ ಕಮ್ಮಿ ಐತೆ ಅತ್ತೇ" ಅಂದರಂತೆ.

ಕರೆದುಕೊಂಡು ಬರಲು ಹೋದಾಗ ಅವಳು ಪಾತ್ರೆ, ಪೆಟ್ಟಿಗೆ ಎಲ್ಲ ಬಿಟ್ಟಳು, ರಾಟೆ ಮಾತ್ರ ಬಿಡಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್, "ಅಜ್ಜೀ, ಇದಕ್ಕೆ ಲಗೇಜ್ ಟಿಕೇಟ್ ಆಗ್ತೈತೆ" ಅಂದ.

"ಇದು ಲಗೇಜಲ್ಲಪ್ಪಾ, ನನ್ ಕೈ. ಕೈಗೂ ಟಿಕೇಟ್ ಹರೀತೀಯಾ?"

"ಕೈ ಇಷ್ಟ್ ದೊಡ್ಡದಿರ್ತೈತೇನಜ್ಜೀ?"

"ನಿನ್ನ ವಯಸ್ಸಿನ ಮಗ ಅವ್ನೆ ನನಗೆ. ಅವನನ್ನ ಸಾಕಿದ ಕೈ, ದೊಡ್ಡದೇ ಇರ್ತೈತೆ."

ಬಿ.ಜಿ. ಕೆರೆ ಬರುವಷ್ಟರಲ್ಲಿ ಕಂಡಕ್ಟರ್ ಕೈಮುಗಿದು ಮುಂದಕ್ಕೆ ಹೋದ. ಚೌಕಾಸಿ ನನಗೆ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ನಾನು ಈ ಬಸ್ಸಿನ ಕಥೆ ಹೇಳುತ್ತೇನೆ.

ಹೊಲಿಗೆ ಯಂತ್ರದ ಮೋಟಾರಿಗೆ ಸುತ್ತು ಎಣಿಸುವ ಒಂದು ಮೀಟರ್ ಕಟ್ಟಿ ನಾನು ಕಾಯಿಲ್ ಸುತ್ತಲು ಕೂರುತ್ತಿದ್ದೆ. ಮೋಟಾರಿನ ದಪ್ಪ ತಂತಿ ಎಳೆದು ರೂಢಿಯಾದ ಕೈ. ಎರಡು ಸಾವಿರ ಸುತ್ತು ದಾಟುವುದರೊಳಗೆ ತಂತಿ ಪಟ್ಟೆಂದು ಹರಿಯುತ್ತಿತ್ತು. ಬಾಗಿಲಲ್ಲಿ ಕೂತು ನೋಡುತ್ತಿದ್ದ ಅವ್ವನಿಗೆ ಐದನೆಯ ಸಲ ತಡೆಯಲಾಗಲಿಲ್ಲ.

"ಲೇ, ಎತ್ತಿನ ಮೂಗುದಾರ ಏನೋ ಅದು? ಹಂಗ್ಯಾಕೆ ಜಗ್ಗುತೀಯಾ? ಬೆರಳ ಸಂದೀಲಿ ತಾನಾಗೇ ಬರ್ಲಿ ಬಿಡು. ಬಿಗಿ ಆದ್ರೆ ಹರಿಯೋಕ್ ಮುಂಚೆ ಬೆರಳಿಗೆ ಗೊತ್ತಾಗ್ತೈತೆ."

ನನ್ನ ಬೆರಳು ಹಿಡಿದು ತೋರಿಸಿದಳು. ಶುರುವಿನ ತುದಿ ಅಲುಗಾಡಿದರೆ ಹರಿಯುತ್ತದೆಂದು, ಸೊಂಟದ ಚೀಲದಿಂದ ಕೆಂಪು ರೇಷ್ಮೆಯ ಎಳೆ ತೆಗೆದು ಅಲ್ಲೊಂದು ಗಂಟು ಹಾಕಿದಳು. ಅಂದು ಮೊದಲ ಬಾರಿಗೆ ನನ್ನ ಕಾಯಿಲ್ ಹರಿಯದೆ ಮುಗಿಯಿತು.

"ನಾನೂ ಒಂದ್ ಸುತ್ತಲೇನೋ?" ಅಂದಳು.

ಅವಳ ರಾಟೆಗೇ ಮೀಟರ್ ಕಟ್ಟಿಕೊಟ್ಟೆ. ನಾಲ್ಕು ದಿನದಲ್ಲಿ ಮೂರು ಕಾಯಿಲ್ ಸುತ್ತಿದಳು, ಪ್ರತಿಯೊಂದರ ಶುರುವಿಗೂ ಅದೇ ಕೆಂಪು ಗಂಟು. ಒಂದು ಗಿಟಾರಿಗೆ ಬೇಕಾದದ್ದೂ ಮೂರೇ. ಬೆಳಿಗ್ಗೆ ರೊಟ್ಟಿ ತಿಂದು ಕೂತರೆ ನನ್ನ ಹೆಂಡತಿ ಊಟಕ್ಕೆ ಎರಡು ಸಲ ಕರೆಯಬೇಕಿತ್ತು. ಮೊಳಕಾಲ್ಮೂರಿನಿಂದ ಬಂದ ಮೇಲೆ ಅವಳ ಮುಖ ಅಷ್ಟು ಬಿಡುವಾಗಿ ಕಂಡದ್ದು ಅದೇ ಮೊದಲು. ಆದರೆ ಕಾಯಿಲ್ ನೋಡಿದರೆ ನಡುವೆ ಉಬ್ಬು, ಒಂದು ಅಂಚಿನಲ್ಲಿ ಸಡಿಲ. ಎಡಗೈ ನಡುಗಿದಲ್ಲೆಲ್ಲ ತಂತಿ ಅಡ್ಡಾದಿಡ್ಡಿ ಓಡಿತ್ತು.

"ಹೆಂಗೈತೆ?" ಅಂದಳು.

"ಸೂಪರ್ ಆಗೈತವ್ವಾ. ಯಂತ್ರಾನೂ ಹಿಂಗ್ ಸುತ್ತಲ್ಲ."

ಅವಳು ಮಲಗಿದ್ದ ಒಂದು ಮಧ್ಯಾಹ್ನ ಬ್ಲೇಡಿನಿಂದ ಮೂರನ್ನೂ ಕೊಯ್ದು ತಂತಿ ತೆಗೆದೆ, ನಾನೇ ಹೊಸದಾಗಿ ಸುತ್ತಿ ಗಿಟಾರಿನೊಳಗೆ ಕೂರಿಸಿದೆ. ಭಾನುವಾರ ಇಂಜಿನಿಯರ್ ಬಂದು ನುಡಿಸಿ, ತಲೆಯಾಡಿಸಿ, "ಪಾಲಿಶ್ ಮುಗಿಸಿ, ಮುಂದಿನ ವಾರ ತಗೊಂಡು ಹೋಗ್ತೀನಿ" ಅಂದರು. ಅವರು ಹೋದ ಮೇಲೆ ಅವ್ವನಿಗೆ, "ನಿನ್ ಕಾಯಿಲ್ ಬಾಳ ಮೆಚ್ಕೊಂಡ್ರವ್ವಾ" ಅಂದುಬಿಟ್ಟೆ. ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಬಗೆಯ ಮಾತು, ನಾಲಿಗೆಗೆ ಭಾರವೇ ಆಗಲಿಲ್ಲ. ಸಂಜೆಯೊಳಗೆ ಪಕ್ಕದ ಮನೆಯ ಹೂವಿನಾಕೆಗೆ, ಅವಳಿಂದ ಇಡೀ ಓಣಿಗೆ, ಅಜ್ಜಿ ಸುತ್ತಿದ ತಂತಿ ದೊಡ್ಡ ಸಾಹೇಬರ ಗಿಟಾರಿನಲ್ಲಿ ಹಾಡುತ್ತದೆಂಬ ಸುದ್ದಿ ಮುಟ್ಟಿತ್ತು.

ಅಂಗಡಿಯ ಹಳೇ ತಾಮ್ರವನ್ನೆಲ್ಲ ನಾನು ಮನೆಗೆ ತಂದು ಒಂದು ತಗಡಿನ ಡಬ್ಬಕ್ಕೆ ಹಾಕುತ್ತೇನೆ. ಅವ್ವನ ಕಾಯಿಲ್‌ಗಳಿಂದ ಕೊಯ್ದ ತಂತಿಯನ್ನೂ ಅದಕ್ಕೇ ಹಾಕಿದ್ದೆ. ಅದರಲ್ಲಿ ಕಾಗದ, ಕಸ ಇದ್ದರೆ ಗುಜರಿಯವನು ತೂಕದಲ್ಲಿ ಹಿಡಿದುಕೊಳ್ಳುತ್ತಾನೆ. ಅವ್ವ ಸುಮ್ಮನೆ ಕೂರುವವಳಲ್ಲ. ಬುಧವಾರ ತಾನಾಗಿಯೇ ಡಬ್ಬ ಸುರುವಿಕೊಂಡು ಕಸ ಆರಿಸಲು ಕೂತಳು. ನಾನು ಅಂಗಡಿ ಮುಚ್ಚಿ ಬಂದಾಗ ತಾಮ್ರ ಒಂದು ಕಡೆ, ಕಾಗದ ಒಂದು ಕಡೆ ಇತ್ತು. ರಾಟೆಯ ಹಲಗೆಯ ಮೇಲೆ ಮೂರು ಕೆಂಪು ರೇಷ್ಮೆ ಎಳೆ, ಗಂಟಿನ ಸಮೇತ.

ಹೆಂಡತಿ ಅಡುಗೆಮನೆಯಿಂದಲೇ, "ನೀವೇ ಮಾತಾಡ್ರಿ. ನನ್ನ ಮಧ್ಯೆ ಕರೀಬ್ಯಾಡ್ರಿ" ಅಂದಳು.

"ಅವ್ವಾ, ಅದು..."

"ಹೂವಿನೋಳ್ಗೆ ಏನ್ ಹೇಳ್ಲಿ ಈಗ?" ಅವಳ ದನಿ ಏರಲಿಲ್ಲ. "ಕೆಟ್ಟೈತೆ ಅಂದಿದ್ರೆ ಬಿಚ್ಚಿ ಇನ್ನೊಂದ್ಸಲ ಸುತ್ತುತಿದ್ದೆ. ನಿಮ್ಮಪ್ಪ ಕಂಡಿಕೆ ಸರಿಯಿಲ್ದಿದ್ರೆ ಮಗ್ಗದ ಮೇಲಿಂದ ನನ್ ಮುಂದಕ್ ಎಸೀತಿದ್ದ. ಬೈತಿದ್ದ. ಚೆನ್ನಾಗೈತೆ ಅಂತ ಒಂದಿನಾನೂ ಸುಳ್ಳು ಹೇಳ್ಲಿಲ್ಲ. ನೀನು ಗಿರಾಕಿ ಹತ್ರ ಮಾತಾಡ್ದಂಗೆ ಮಾತಾಡ್ದೆ ನನ್ ಹತ್ರ."

ಮೊಳಕಾಲ್ಮೂರಿನವರು ನೂಲು ಕೊಡುವುದನ್ನು ನಿಲ್ಲಿಸಿದ್ದೂ ಹೀಗೆಯೇ, ನಯವಾಗಿ. ಅವರು ಬರೀ ನಿಲ್ಲಿಸಿದ್ದರು. ನಾನು ನಾಲ್ಕು ದಿನ ಸುತ್ತಿಸಿ, ಹೊಗಳಿ, ಕೊಯ್ದಿದ್ದೆ.

ಎರಡು ದಿನ ಅವಳು ರಾಟೆ ಮುಟ್ಟಲಿಲ್ಲ. ಊಟ ಮಾಡಿದಳು, ಮಾತಾಡಿದಳು, ಹೂವಿನಾಕೆ ಬಂದರೆ ಮಾತ್ರ ಎದ್ದು ಒಳಗೆ ಹೋದಳು. ಶುಕ್ರವಾರ ನಾನು ಕಾಯಿಲಿನ ಖಾಲಿ ಡಬ್ಬಿಯೊಂದನ್ನು ಅವಳ ಮುಂದಿಟ್ಟು, "ಒಂದು ಸುತ್ತಿಕೊಡು. ಕೆಟ್ರೆ ಕೆಟ್ಟೈತೆ ಅಂತೀನಿ" ಅಂದೆ.

"ಅಂತೀಯಾ?"

"ಅಂತೀನಿ."

ಸುತ್ತಿ ಕೊಟ್ಟಳು. ನೋಡಿದೆ. "ಕೆಟ್ಟೈತೆ. ನಡುವೆ ಉಬ್ಬೈತೆ, ಮುಚ್ಚಳ ಕೂರಲ್ಲ" ಅಂದೆ. ಕೈ ಚಾಚಿ ಬ್ಲೇಡ್ ಕೇಳಿದಳು. ತಾನೇ ಕೊಯ್ದಳು. ಎರಡನೆಯದೂ ಹಾಗೇ ಆಯಿತು, ಅದನ್ನೂ ಕೊಯ್ದಳು. ಮೂರನೆಯದಕ್ಕೆ ಮೊದಲು ರಾಟೆಯ ಪಕ್ಕ ಒಂದು ಇಟ್ಟಿಗೆ ಇಡಿಸಿ, ನಡುಗುವ ಎಡಗೈಯ ಮಣಿಕಟ್ಟನ್ನು ಅದರ ಮೇಲೆ ಊರಿದಳು. ಈ ಉಪಾಯ ನನಗೂ ಹೊಳೆದಿರಲಿಲ್ಲ. ತಂತಿ ಈಗಲೂ ಸ್ವಲ್ಪ ಅಡ್ಡಾದಿಡ್ಡಿ ಇತ್ತು, ಆದರೆ ಉಬ್ಬಿರಲಿಲ್ಲ, ಕರೆಂಟಿನ ಮೀಟರ್ ಹಚ್ಚಿ ನೋಡಿದರೆ ಅಳತೆ ಸರಿಯಾಗಿ ಬಂತು.

"ನೋಡೋಕೆ ಚೆಂದಿಲ್ಲ. ಸದ್ದು ಹೆಂಗೋ ಗೊತ್ತಿಲ್ಲ" ಅಂದೆ.

"ಹಂಗಂದ್ರೆ ಸರಿ" ಅಂದಳು.

ಗಿಟಾರಿನ ಕೊರಳಿನ ಕಡೆಯ ನನ್ನ ಕಾಯಿಲ್ ತೆಗೆದು ಅಲ್ಲಿ ಅವಳದ್ದು ಹಾಕಿದೆ. ಭಾನುವಾರ ಇಂಜಿನಿಯರ್ ಬಂದಾಗ ಯಾವುದು ಯಾರದ್ದೆಂದು ಹೇಳಲಿಲ್ಲ. ಸ್ವಿಚ್ ತಿರುಗಿಸಿ ಮೂರೂ ಕಾಯಿಲ್‌ಗಳನ್ನು ಒಂದೊಂದಾಗಿ ಕೇಳಿ ಎಂದಷ್ಟೇ ಹೇಳಿದೆ. ಅವ್ವ ಹತ್ತಿರದಲ್ಲೇ ಸ್ಟೂಲ್ ಮೇಲೆ ಕೂತಿದ್ದಳು. ಅವರು ಕೊರಳಿನ ಕಡೆಯದಕ್ಕೆ ತಿರುಗಿಸಿ ಒಂದು ತಂತಿ ಮೀಟಿದರು, ನಿಂತರು, ಮತ್ತೆ ಮೀಟಿದರು. "ಇದು ಬೇರೆ ಥರ ಇದೆ. ದನಿ ಮೆತ್ತಗಿದೆ, ದುಂಡಗಿದೆ" ಅಂದರು. ವಾಲ್ಯೂಮ್ ಏರಿಸಿದ ಕೂಡಲೇ ಸ್ಪೀಕರ್ ಕೀ ಎಂದು ಕಿರುಚಿತು.

ಅವ್ವ ಗಿಟಾರಿನ ಮೇಲೆ ಬಗ್ಗಿ, "ಏನಂತೆ ಅದುಕ್ಕೆ?" ಅಂದಳು. "ಏನಂತೆ ಅದುಕ್ಕೆ" ಎಂದು ಸ್ಪೀಕರಿನಿಂದಲೂ ಅವಳದೇ ದನಿ ಬಂತು, ತೆಳ್ಳಗೆ.

ಅವಳು ಬೆಚ್ಚಿ ಹಿಂದೆ ಸರಿದಳು. ಇಂಜಿನಿಯರ್ ನಗುತ್ತ ಹೇಳಿದರು: ಸುತ್ತು ಸಡಿಲವಿದ್ದರೆ ಕಾಯಿಲಿನ ತಂತಿ ತಾನೇ ಅಲುಗುತ್ತದೆ, ಹತ್ತಿರ ಆಡಿದ ಮಾತನ್ನೂ ಹಿಡಿಯುತ್ತದೆ, ಕರಗಿದ ಮೇಣದಲ್ಲಿ ಅದ್ದಿದರೆ ನಿಲ್ಲುತ್ತದೆ. ಆಮೇಲೆ, "ಇದನ್ನು ಸುತ್ತಿದ್ದು ಯಾರು?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ, "ನಾನು. ಸಡ್ಲ ಆಗೈತೆ. ಬಿಗಿ ಮಾಡಿ ಕೊಡ್ತೀವಿ, ಟೀ ಕುಡೀರಿ" ಅಂದಳು.

ನೀರಿನ ಪಾತ್ರೆಯೊಳಗೆ ಸಣ್ಣ ಪಾತ್ರೆ ಇಟ್ಟು ಮೇಣದ ಬತ್ತಿ ಕರಗಿಸಿದೆವು. ಕಾಯಿಲ್ ಇಳಿಬಿಟ್ಟಾಗ ಸಣ್ಣ ಗುಳ್ಳೆಗಳೆದ್ದವು. ಗುಳ್ಳೆ ನಿಲ್ಲುವ ತನಕ ಅವ್ವ ಒಲೆಯ ಮುಂದಿಂದ ಕದಲಲಿಲ್ಲ. ಆರಿಸಿ ಮತ್ತೆ ಕೂರಿಸಿದಾಗ ಕಿರುಚಾಟ ಹೋಗಿತ್ತು, ದನಿಯ ಮೆತ್ತನೆಯ ಗುಣ ಉಳಿದಿತ್ತು. ಇಂಜಿನಿಯರ್ ಕೊರಳಿನ ಕಡೆ ಅವಳದ್ದೇ ಇರಲಿ, ಉಳಿದೆರಡು ನನ್ನವೇ ಇರಲಿ ಅಂದು ಗಿಟಾರ್ ಒಯ್ದರು. ಹೂವಿನಾಕೆಗೆ ಅವ್ವ ಹೇಳಿದ್ದು ಹೀಗೆ: "ಮೂರಲ್ಲ ಕಣೇ, ಒಂದು. ಅದೂ ಮೇಣ ಹಾಕಿದ ಮೇಲೆ."

ಆಮೇಲೆ ನನ್ನ ಕಡೆ ತಿರುಗಿ, "ಒಂದುಕ್ ಎಷ್ಟು ಕೊಡ್ತೀಯಾ?" ಅಂದಳು.

"ಏನವ್ವಾ, ಮನೇ ಕೆಲಸಕ್ಕೆ..."

"ನಿಮ್ಮಪ್ಪನೂ ಹಿಂಗೇ ಅಂತಿದ್ದ. ಇನ್ನೂರು ಕೊಡು."

ಅಭ್ಯಾಸಬಲದಿಂದ ನೂರು ಅಂದುಬಿಟ್ಟೆ. ಅವಳು ಸೊಂಟದ ಚೀಲಕ್ಕೆ ಕೈ ಹಾಕಿ ಆ ಕೆಂಪು ಎಳೆಗಳನ್ನು ತೆಗೆದು, ನನ್ನ ಹೆಂಡತಿಗೂ ಕೇಳುವ ಹಾಗೆ ಎಣಿಸತೊಡಗಿದಳು: "ಒಂದು... ಎರಡು..." ಮೂರನ್ನು ಹೇಳಿಸದೆ ಇನ್ನೂರಕ್ಕೆ ಒಪ್ಪಿಕೊಂಡೆ. ಈಗ ಐದನೆಯ ಗಿಟಾರ್ ನಡೆದಿದೆ. ಇಟ್ಟಿಗೆಯ ಮೇಲೆ ಹಳೆಯ ಸೀರೆಯ ತುಂಡು ಹಾಸಿಕೊಂಡಿದ್ದಾಳೆ.

ನೀವೂ ಮಾಡಬೇಕೆಂದಿದ್ದರೆ ಕೇಳಿ. ಹೊಸ ಮರ ಕೊಳ್ಳಬೇಡಿ. ಕೆಡವಿದ ಕಟ್ಟಡದ ಬಾಗಿಲು ಚೆನ್ನಾಗಿ ಒಣಗಿರುತ್ತದೆ. ಮೊಳೆ ತೂತುಗಳನ್ನು ಮನಸ್ಸಿನಲ್ಲಿ ಎಣಿಸಬೇಡಿ, ಗಟ್ಟಿಯಾಗಿ ಎಣಿಸಿ. ತಂತಿಯನ್ನು ಬೇಕೆಂದುಕೊಂಡದ್ದರ ಎರಡರಷ್ಟು ತರಿಸಿ, ಹರಿಯುತ್ತದೆ. ಮೇಣದ ಪಾತ್ರೆಯನ್ನು ನೇರ ಬೆಂಕಿಯ ಮೇಲೆ ಇಡಲೇಬೇಡಿ, ಹೊತ್ತಿಕೊಳ್ಳುತ್ತದೆ. ಕಾಯಿಲ್ ಕೂರಿಸಿದ ಮೇಲೆ ಅದರ ಹತ್ತಿರ ಬಾಯಿಟ್ಟು ಮಾತಾಡಿ ನೋಡಿ. ಮಾತು ಸ್ಪೀಕರಿನಲ್ಲಿ ಬಂದರೆ ಇನ್ನೊಮ್ಮೆ ಅದ್ದಿ. ಮನೆಯಲ್ಲಿ ನೂಲು ಸುತ್ತಿ ಪಳಗಿದ ಕೈ ಇದ್ದರೆ ಕೇಳಿಕೊಳ್ಳಿ, ಆದರೆ ಕೂಲಿ ಮೊದಲೇ ಮಾತಾಡಿ. ಸುತ್ತಿದ್ದು ಸರಿ ಬರದಿದ್ದರೆ ಮುಖ ನೋಡಿ ಹೇಳಿ, ಬ್ಲೇಡನ್ನು ಅವರ ಕೈಗೇ ಕೊಡಿ. ಮತ್ತೆ ಸುತ್ತಲು ತಂತಿ ಪಕ್ಕದಲ್ಲೇ ಇರಲಿ.