ಯಾರೂ ಹೋಗದ ಮನೆಗೆ ಹೋದ ನಿರ್ಮಲಮ್ಮ

ಮನೆಯಲ್ಲಿ ಯಾರಾದರೂ ತಾವಾಗಿಯೇ ಜೀವ ಕಳೆದುಕೊಂಡರೆ ನೆಂಟರು ಬರುವುದು ಅನುಮಾನ, ನಿರ್ಮಲಮ್ಮ ಬರುವುದು ಖಂಡಿತ ಎಂದು ಹೊನ್ನಾಳಿ ಸೀಮೆಯಲ್ಲಿ ಒಂದು ಕಾಲಕ್ಕೆ ಮಾತಿತ್ತು. ಆಕೆ ಕ್ರೈಸ್ತ ಸಭೆಯ ಬೈಬಲ್ ಹೆಂಗಸು. ಊರೂರಿಗೆ ಹೋಗಿ ಹೆಂಗಸರಿಗೆ ಸತ್ಯವೇದ ಓದಿ ಹೇಳುವುದು, ಅಕ್ಷರ ಕಲಿಸುವುದು, ಬಾಣಂತಿಯರನ್ನು ವಿಚಾರಿಸಿಕೊಂಡು ಬರುವುದು ಆಕೆಯ ಕೆಲಸ. ಅಂಥ ಸಾವಿನ ಮನೆಗಳಿಗೆ ಹೋಗುವುದು ಆ ಕೆಲಸದಲ್ಲಿ ಸೇರಿರಲಿಲ್ಲ. ಅದನ್ನು ಆಕೆ ತಾನಾಗಿ ಮೈಮೇಲೆ ಎಳೆದುಕೊಂಡದ್ದು, ಅದೂ ತಡವಾಗಿ.

ಆಕೆಯ ಗಂಡ ದೇವಸಹಾಯಪ್ಪನವರು ಸಭೆಯ ಚಿಕ್ಕ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಮಕ್ಕಳನ್ನು ನಗಿಸುತ್ತಲೇ ಮಗ್ಗಿ ಬಾಯಿಪಾಠ ಮಾಡಿಸುವ ಮನುಷ್ಯ. ಸಾವಿರದ ಒಂಬೈನೂರ ಮೂವತ್ತಮೂರನೇ ಇಸವಿಯ ಮಳೆಗಾಲದಲ್ಲಿ ವಿಷಮಶೀತ ಜ್ವರ ಬಂದು ಹಾಸಿಗೆ ಹಿಡಿದವರು ಎದ್ದೇನೋ ಎದ್ದರು, ಆದರೆ ಎದ್ದವರು ಬೇರೆಯೇ ಮನುಷ್ಯ. ಉಣ್ಣಲು ಕೂತರೆ ತಟ್ಟೆ ನೋಡುತ್ತಾ ಕೂರುತ್ತಿದ್ದರು. ಶಾಲೆಯ ಮಕ್ಕಳ ಗಲಾಟೆಗೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮೈಯಲ್ಲಿ ಶಕ್ತಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ ನಿರ್ಮಲಮ್ಮ ಗಂಜಿ ಕಾಯಿಸಿದಳು, ಕೋಳಿ ಸಾರು ಮಾಡಿದಳು, ಎರಡು ಹೊತ್ತೂ ಪ್ರಾರ್ಥನೆ ಮಾಡಿದಳು.

ಒಂದು ಬೆಳಿಗ್ಗೆ ಆಕೆ ನ್ಯಾಮತಿಗೆ ಹೊರಟು ನಿಂತಿದ್ದಾಗ ಮೇಷ್ಟ್ರು ಬಾಗಿಲಿಗೆ ಬಂದು, "ಇವತ್ತೊಂದಿನ ಮನೇಲಿ ಇರಾಕೆ ಆಗಲ್ವಾ?" ಎಂದರು.

ಆಕೆಗೆ ಗಾಡಿ ತಪ್ಪೀತೆಂಬ ಚಿಂತೆ. "ಪ್ರಾರ್ಥನೆ ಮಾಡ್ರಿ, ಮನಸ್ಸು ಹಗುರಾಗ್ತೈತೆ. ಸಂಜಿಗೆ ಬಂದುಬಿಡ್ತೀನಿ," ಎಂದು ಹೇಳಿ ಹೋದಳು.

ಸಂಜೆ ಬಂದಾಗ ಹೊಳೆಯ ದಂಡೆಯಲ್ಲಿ ಜನ ನೆರೆದಿದ್ದರು.

ಸಭೆಯವರು ಕೆಟ್ಟವರೇನಲ್ಲ, ಹೆದರಿದ್ದರು. ಇಂಥ ಸಾವಿಗೆ ಆರಾಧನೆ ನಡೆಸುವ ವಾಡಿಕೆಯಿಲ್ಲ ಎಂದು ಸಭೆಯ ಪಾದ್ರಿ ಅಯ್ಯನವರು ತಲೆ ತಗ್ಗಿಸಿಕೊಂಡೇ ಹೇಳಿದರು. ಗಂಟೆ ಬಾರಿಸಲಿಲ್ಲ, ಹಾಡು ಹೇಳಲಿಲ್ಲ, ಸಮಾಧಿ ತೋಟದ ಒಂದು ಮೂಲೆಯಲ್ಲಿ ಮಣ್ಣು ಮಾಡಿ ಬಂದರು. ದಿನಾ ಮನೆಗೆ ಬಂದು ಹರಟುತ್ತಿದ್ದ ಹೆಂಗಸರು ಬೀದಿಯ ಆ ಮಗ್ಗುಲಿಂದ ಹಾದುಹೋದರು. ಬಂದರೆ ಏನು ಮಾತಾಡಬೇಕೋ ತಿಳಿಯಲಿಲ್ಲ ಎಂದು ಆಮೇಲೆ ಒಬ್ಬಿಬ್ಬರು ಹೇಳಿದ್ದುಂಟು.

ಬಂದವಳು ಬಳೆಗಾರ ಸುಬಾನಸಾಬನ ಹೆಂಡತಿ ರಹಮತ್‌ಬೀ ಒಬ್ಬಳೇ. ಜೋಳದ ರೊಟ್ಟಿ, ಬೇಳೆ ಸಾರು ತಂದಿಟ್ಟು ಗೋಡೆಗೊರಗಿ ಕೂತಳು. ದೇವರ ಇಚ್ಛೆ ಎನ್ನಲಿಲ್ಲ, ಯಾಕೆ ಹಿಂಗಾಯ್ತು ಎಂದು ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ, "ನಮ್ಮ ದಾವೂದ್‌ಗೆ ಓದಾಕೆ ಬರಲ್ಲ ಅಂತ ಎಲ್ರೂ ಕೈಬಿಟ್ಟಿದ್ರು. ಕಲಿಸಿದೋರು ನಿಮ್ಮ ಮೇಷ್ಟ್ರು," ಎಂದಳು. ಆವರೆಗೆ ಕಲ್ಲಾಗಿ ಕೂತಿದ್ದ ನಿರ್ಮಲಮ್ಮ ಆಗ ಬಿಕ್ಕಿ ಅತ್ತಳು.

ಸ್ವಲ್ಪ ಕಾಲದ ಮೇಲೆ ಆಕೆ ಮತ್ತೆ ಕೆಲಸಕ್ಕೆ ಹೊರಟಳು. ಗಂಡನ ಹೆಸರನ್ನು ಸಭೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬರಬರುತ್ತಾ ಆಕೆಯೂ ಎತ್ತುವುದನ್ನು ಬಿಟ್ಟಳು. ಯಾರಾದರೂ ಹೊಸಬರು ಕೇಳಿದರೆ ಜ್ವರದಲ್ಲಿ ಹೋದರು ಎನ್ನುತ್ತಿದ್ದಳು.

ಮೂವತ್ತೆಂಟರ ಬೇಸಿಗೆಯಲ್ಲಿ ಜಗಳೂರು ಕಡೆಯ ಬಿಳಿಚೋಡಿನಿಂದ ಸುದ್ದಿ ಬಂತು. ಅಲ್ಲಿ ಕುರಿ ಸಾಕಿಕೊಂಡಿದ್ದ ತಿಪ್ಪೇಶಪ್ಪ ಮತ್ತು ಅವನ ಹೆಂಡತಿ ಓಬವ್ವ ಕೆಲವು ವರ್ಷದ ಹಿಂದೆ ಸಭೆಗೆ ಸೇರಿದ್ದರು. ಅವರ ಮಗಳು ರುದ್ರಾಣಿ ಗಂಡನ ಮನೆಯಿಂದ ತವರಿಗೆ ಬಂದವಳು ತಾನಾಗಿಯೇ ಜೀವ ಕಳೆದುಕೊಂಡಿದ್ದಳು. ಹೋಗಿ ನೋಡಿಕೊಂಡು ಬನ್ನಿ ಎಂದು ಅಯ್ಯನವರು ನಿರ್ಮಲಮ್ಮನನ್ನು ಕಳಿಸಿದರು.

ಆಕೆ ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಮನೆದೇವರನ್ನು ಬಿಟ್ಟಿದ್ದಕ್ಕೇ ಹೀಗಾಯಿತೆಂದು ಹೇಳಿ ನೆಂಟರು ಎದ್ದುಹೋಗಿದ್ದರು. ಓಬವ್ವ ಕಂಬಳಿಯ ಮೇಲೆ ಕೂತಿದ್ದಳು. ನಿರ್ಮಲಮ್ಮ ಒಳಗೆ ಕಾಲಿಟ್ಟೊಡನೆ ಒಂದೇ ಒಂದು ಮಾತು ಕೇಳಿದಳು: "ಅಮ್ಮಾರೇ, ನಿಮ್ಮ ದೇವ್ರು ನನ್ನ ಮಗಳನ್ನ ಒಳಕ್ಕೆ ಬಿಟ್ಕೊಂತಾನೋ ಇಲ್ವೋ?"

ಆ ಪ್ರಶ್ನೆಯನ್ನು ನಿರ್ಮಲಮ್ಮ ವರ್ಷಗಟ್ಟಲೆ ಒಬ್ಬಳೇ ಕೇಳಿಕೊಂಡಿದ್ದಳು. ಅತ್ತು, ದೇವರೊಡನೆ ಜಗಳವಾಡಿ, ಕೊನೆಗೆ ಒಂದು ಉತ್ತರವನ್ನೂ ಕಂಡುಕೊಂಡಿದ್ದಳು. ಆದರೆ ಅದು ಸಭೆಯ ಉತ್ತರವಲ್ಲ. ಹೇಳಿದರೆ ತನ್ನ ಮನೆಯ ಕತೆಯನ್ನೂ ಹೇಳಬೇಕು.

"ಅದು ದೇವರಿಗೇ ಗೊತ್ತು, ಓಬವ್ವ," ಎಂದಳು.

ಓಬವ್ವ ಮುಖ ತಿರುಗಿಸಿಕೊಂಡಳು. ನಿರ್ಮಲಮ್ಮ ಪ್ರಾರ್ಥನೆ ಮಾಡಿದಳು, ತಿಪ್ಪೇಶಪ್ಪ ಒಬ್ಬನೇ ಆಮೆನ್ ಎಂದ. ಬಿಸಿಲು ಇಳಿಯುವ ಮೊದಲೇ ಆಕೆ ಅಲ್ಲಿಂದ ಹೊರಟುಬಿಟ್ಟಳು.

ಹೊನ್ನಾಳಿಗೆ ಬಂದ ಮೇಲೆ ರಹಮತ್‌ಬೀ ಆ ತಾಯಿ ಹೆಂಗಿದ್ದಾಳೆ ಎಂದು ವಿಚಾರಿಸಿದಳು. ಮೇಷ್ಟ್ರ ವಿಷಯ ಹೇಳಿದಿರಾ ಎಂದೂ ಕೇಳಿದಳು. ಇಲ್ಲ ಎಂದಾಗ ಅವಳಿಗೆ ಅಚ್ಚರಿ. "ನೀವೇ ಹೇಳ್ಲಿಲ್ಲ ಅಂದ್ರೆ ಇನ್ಯಾರು ಹೇಳ್ತಾರೆ?" ಎಂದಳು, ಅಷ್ಟೆ. ಆ ಮಾತು ನಿರ್ಮಲಮ್ಮನಿಗೆ ಮುಳ್ಳಿನಂತೆ ಒಳಗೇ ಉಳಿಯಿತು. ತಿರುಗಿ ಹೋಗಬೇಕು ಎಂದುಕೊಂಡಳು. ಮಳೆ ಹಿಡಿಯಿತು, ಆಮೇಲೆ ಆಕೆಗೇ ಚಳಿಜ್ವರ ಬಂತು. ಹೋಗಲು ಆದದ್ದು ಜೋಳ ಒಕ್ಕಣೆಯಾದ ಮೇಲೆ.

ಓಬವ್ವ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ನಿರ್ಮಲಮ್ಮ ನಿಂತೇ ಹೇಳಿದಳು, ಅವತ್ತು ನಾನು ಹೇಳಬೇಕಾದ್ದನ್ನು ಹೇಳಲಿಲ್ಲ, ಅದನ್ನು ಹೇಳಲು ಬಂದಿದ್ದೇನೆ ಎಂದು.

"ಆ ಮಾತು ಅವತ್ತು ಬೇಕಾಗಿತ್ತು, ಅಮ್ಮಾರೇ," ಎಂದಳು ಓಬವ್ವ, ತಲೆಯೆತ್ತದೆ. "ಈಗ ಹಿಟ್ಟು ಬೇಕು."

ನಿರ್ಮಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದಳು. ಓಬವ್ವ ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಿದಳು. ಇಬ್ಬರೂ ಬೀಸಿದರು. ಮೊರದ ಜೋಳ ಅರ್ಧಕ್ಕೆ ಇಳಿದ ಮೇಲೆ ನಿರ್ಮಲಮ್ಮ ತನ್ನ ಗಂಡನ ಕತೆ ಹೇಳಿದಳು. ಬಾಗಿಲಲ್ಲಿ ಅವರು ಇರು ಎಂದದ್ದು, ತಾನು ಹೋದದ್ದು, ಗಂಟೆಯಿಲ್ಲದೆ ಮಣ್ಣಾದದ್ದು. ಕಲ್ಲು ನಿಂತಿತು.

"ಅವ್ರ ಹೆಸರೇನು?" ಎಂದಳು ಓಬವ್ವ.

"ದೇವಸಹಾಯಪ್ಪ."

ಆ ಹೆಸರನ್ನು ಬಾಯಿಬಿಟ್ಟು ಹೇಳಿ ಆಕೆಗೆ ವರ್ಷಗಳಾಗಿದ್ದವು. ಆಮೇಲೆ ಹೇಳಿದಳು: "ಅವರ ಮನಸ್ಸಿಗೆ ಕಾಯಿಲೆ ಆಗಿತ್ತು, ನಿನ್ನ ಮಗಳಿಗೂ ಆಗಿತ್ತು. ಜ್ವರ ಬಂದ ಮಗಳನ್ನ ನೀನು ಬಾಗಿಲಾಚೆ ನಿಲ್ಲಿಸ್ತಿದ್ಯಾ ಓಬವ್ವ? ದೇವರೂ ನಿಲ್ಲಿಸಲ್ಲ. ಇದು ನನ್ನ ನಂಬಿಕೆ. ಅವತ್ತೂ ಇತ್ತು. ಹೇಳಾಕೆ ಹೆದರಿದೆ."

ಓಬವ್ವ ರುದ್ರಾಣಿಯ ಮಾತು ತೆಗೆದಳು. ಗುಡುಗಿಗೆ ಹೆದರುತ್ತಿದ್ದಳಂತೆ. ಹುಣಸೆಕಾಯಿಗೆ ಉಪ್ಪು ಹಚ್ಚಿ ತಿನ್ನುತ್ತಿದ್ದಳಂತೆ. ಅವಳು ಒಂದು ಸಲ ಕೂಗಿದರೆ ಬಯಲಿನ ಕುರಿಗಳೆಲ್ಲ ತಲೆಯೆತ್ತುತ್ತಿದ್ದವಂತೆ. ಹೇಳುತ್ತಾ ಹೇಳುತ್ತಾ ಅತ್ತಳು, ಅಳುತ್ತಲೇ ಮತ್ತೆ ಕಲ್ಲು ತಿರುಗಿಸಿದಳು.

ಆಮೇಲೆ ನಿರ್ಮಲಮ್ಮ ಇಂಥ ಮನೆಗೆ ಹೋಗುವುದನ್ನು ನಾಳೆಗೆ ಹಾಕಲಿಲ್ಲ. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡಿಸುತ್ತಿದ್ದ ಬಸ್ಸುಗಳು ದಾರಿಯಲ್ಲೇ ಕೆಟ್ಟು ನಿಲ್ಲುತ್ತಿದ್ದವು, ಆಕೆ ಇಳಿದು ನಡೆಯುತ್ತಿದ್ದಳು. ಚನ್ನಗಿರಿಯಲ್ಲಿ ಚಿಕ್ಕಹನುಮಂತಪ್ಪನ ತಮ್ಮ ಹೋದಾಗ, ಕೆರೆಬಿಳಚಿಯಲ್ಲಿ ಅಮೀರುನ್ನೀಸಾಳ ಗಂಡ ಹೋದಾಗ, ಸಭೆಗೆ ಸೇರಿದವರೋ ಅಲ್ಲವೋ ಎಂದು ನೋಡದೆ ಹೋದಳು. ಒಲೆ ಹಚ್ಚುವಳು, ನೀರು ತರುವಳು, ಹೋದವರ ಹೆಸರು ಕೇಳುವಳು. ಓದು ಎಂದರೆ ಮಾತ್ರ ಸತ್ಯವೇದ ತೆರೆಯುವಳು. ಹಿರಿಯರು ಕೆಲವರು ಗೊಣಗಿದರು. ಆಕೆ ಮಾತ್ರ ಪ್ರತಿಸಲವೂ ಸಭೆಯ ಮುಂದೆ ಅದೇ ಕೇಳಿಕೆ ಇಟ್ಟಳು: ಇವರಿಗೂ ಗಂಟೆ ಬಾರಿಸಿ.

ನಲವತ್ತಾರರಲ್ಲಿ ಬಂದ ಹೊಸ ಅಯ್ಯನವರು ಒಪ್ಪಿದರು. ನ್ಯಾಮತಿಯ ಶಾಂತಾದೇವಿಯ ಅಣ್ಣನ ಶವಪೆಟ್ಟಿಗೆಯನ್ನು ಚರ್ಚಿನೊಳಕ್ಕೆ ತಂದರು, ಸಭೆಯೆಲ್ಲ ಎದ್ದು ನಿಂತು ಹಾಡಿತು. ನಿರ್ಮಲಮ್ಮ ಶಾಂತಾದೇವಿಯ ತೋಳು ಹಿಡಿದು ನಿಂತಿದ್ದಳು. ಹಾಡು ಆಕೆಗೆ ಪೂರ್ತಿ ಬರುತ್ತಿತ್ತು. ಹೇಳಲು ಆಗಲಿಲ್ಲ. ಮೇಷ್ಟ್ರು ಹೋದಾಗಲೂ ಇದು ಆಗಬಹುದಾದ ಕೆಲಸವೇ ಆಗಿತ್ತಲ್ಲ ಎಂದುಕೊಂಡಳು.

ಬಿಳಿಚೋಡಿಗೆ ಸುಗ್ಗಿ ಕಳೆದ ಮೇಲೆ ಪ್ರತಿವರ್ಷ ಹೋಗುತ್ತಿದ್ದಳು. ಓಬವ್ವ ಪ್ರೀತಿಯಿಂದಲೇ ಕಂಡಳು, ಉಣಬಡಿಸಿದಳು, ಹೊರಟಾಗ ಊರ ಹೊರಗಿನವರೆಗೆ ಬಂದು ಕಳಿಸಿದಳು. ಸಭೆಗೆ ಮಾತ್ರ ಮತ್ತೆ ಬರಲಿಲ್ಲ. ಬಾ ಎಂದು ನಿರ್ಮಲಮ್ಮ ಒಂದು ಸಲವೂ ಕರೆಯಲಿಲ್ಲ. ಅವತ್ತು ಉತ್ತರ ಹೇಳದ ಬಾಯಿಗೆ ಹಾಗೆ ಕರೆಯುವ ಹಕ್ಕಿದೆ ಎಂದು ಆಕೆಗೆ ಕೊನೆಯವರೆಗೂ ಅನ್ನಿಸಲಿಲ್ಲ.