ನನ್ನ ಪೇಟವೂ ಆ ಹುಡುಗಿಯ ಹಾಡೂ

ಹತ್ತನೇ ತರಗತಿ ಪಾಸಾಗಿ, ಮೂವತ್ನಾಲ್ಕು ವರ್ಷ ಲೇತ್ ಮೆಷಿನ್ ಮುಂದೆ ನಿಂತು ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಚಟ ಒಂದೇ, ಮೈಕು. ರಾಜಗೋಪಾಲನಗರದ ನಮ್ಮ ಬೀದಿಯ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿ. ಆ ಚಟದಿಂದ ಒಬ್ಬ ಹುಡುಗಿಯ ಹಾಡು ಕೆಟ್ಟಿತು. ಅದನ್ನು ಮೊನ್ನೆಯವರೆಗೆ ಯಾರಲ್ಲೂ ಒಪ್ಪಿಕೊಂಡಿರಲಿಲ್ಲ.

ಅವಳು ನಮ್ಮ ಸಾಲಿನ ಕೊನೆಯ ಮನೆಯವಳು. ಹಗಲು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ಸಂಜೆ ತಾನೇ ಪಾಪ್ ಹಾಡು ಕಟ್ಟಿ, ತಾನೇ ಹಾಡಿ, ಮೊಬೈಲಿನಿಂದ ಇಂಟರ್ನೆಟ್ಟಿಗೆ ಹಾಕುತ್ತಿದ್ದಳು. ರಾಜ್ಯೋತ್ಸವಕ್ಕೆ ವಾರವಿದ್ದಾಗ ನಮ್ಮ ಮನೆಗೆ ಬಂದಳು.

"ಅಂಕಲ್, ಒಬ್ರು ಸಿನಿಮಾ ಡೈರೆಕ್ಟ್ರು ನನ್ ಹಾಡು ಕೇಳಿದಾರೆ. ಹಾಡೋ ಹುಡುಗಿ ಪಾತ್ರ ಇದೆಯಂತೆ. ಸ್ಟೇಜಲ್ಲಿ ಹೆಂಗೆ ಹಾಡ್ತೀನಿ ನೋಡ್ಬೇಕಂತೆ. ನಮ್ ಫಂಕ್ಷನ್‌ನಲ್ಲಿ ಹನ್ನೊಂದು ಗಂಟೆಗೆ ಒಂದೇ ಒಂದು ಹಾಡಿಗೆ ಟೈಮ್ ಕೊಟ್ಬಿಡಿ, ಪ್ಲೀಸ್. ಅವ್ರು ಹನ್ನೆರಡೂವರೆಗೆ ಹೊರಡ್ತಾರೆ."

"ಕೊಟ್ಟೆ ಹೋಗಮ್ಮ," ಎಂದೆ, ರಾಜ್ಯವನ್ನೇ ಬರೆದುಕೊಡುವವನ ಹಾಗೆ.

ಆದರೆ ಸಿನಿಮಾದವರು ಬರುತ್ತಾರೆ ಎಂದು ಗೊತ್ತಾದ ಮೇಲೆ ನನ್ನ ತಲೆ ಕೆಟ್ಟಿತು. ಸನ್ಮಾನಿತರ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರನ್ನೂ ಸೇರಿಸಿದೆ. ಸನ್ಮಾನ ಪತ್ರವನ್ನು ನಾನೇ ಕೂತು ಬರೆದೆ. ನಾಲ್ಕು ಪುಟವಾಯಿತು.

"ನಿಮ್ಮನ್ನ ನೀವೇ ಹೊಗಳ್ಕೊಳ್ಳೋಕೆ ನಾಲ್ಕು ಪುಟ ಬೇಕಾಯ್ತೇನ್ರಿ?" ಎಂದಳು ಹೆಂಡತಿ.

"ಐದಿತ್ತು ಕಣೇ, ಒಂದನ್ನ ಹೊಡೆದುಹಾಕ್ದೆ," ಎಂದೆ.

ರಾಜ್ಯೋತ್ಸವದ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಕಾರ್ಖಾನೆ ಶೆಡ್‌ಗಳ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿದ್ದೆವು. ನಿರ್ದೇಶಕರು ಬಂದು ಮುಂದಿನ ಸಾಲಿನಲ್ಲಿ ಕೂತರು. ಹುಡುಗಿ ವೇದಿಕೆಯ ಪಕ್ಕದಲ್ಲಿ ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುತ್ತಾ ನಿಂತಿದ್ದಳು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಅವಳು ಗಡಿಯಾರ ತೋರಿಸಿದಾಗಲೆಲ್ಲ ನಾನು ಕೈಯೆತ್ತಿ, ಇನ್ನೊಂದು ನಿಮಿಷ ಎಂದು ಸನ್ನೆ ಮಾಡಿದೆ. ಹನ್ನೆರಡಕ್ಕೆ ನನ್ನ ಸರದಿ ಬಂತು.

ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸಿ ನನಗೆ ಮೈಸೂರು ಪೇಟ ತೊಡಿಸಿದರು. ಅದು ನನ್ನ ತಲೆಗೆ ಎರಡು ಅಳತೆ ದೊಡ್ಡದು, ಜಾರಿ ಮೂಗಿನ ಮೇಲೆ ಬಂದು ಕೂತಿತು. ಶಾಲು, ಹಾರ, ಬುಟ್ಟಿಗಳ ನಡುವೆ ಕೈ ಎತ್ತಲಾಗಲಿಲ್ಲ. ಹಾಗೇ ಕತ್ತಲೆಯಲ್ಲಿ ನನ್ನ ಚರಿತ್ರೆ ಕೇಳುತ್ತಾ ಕೂತೆ. ಸಂಘದ ಖಜಾಂಚಿ ಓದುತ್ತಿದ್ದ. ಮನುಷ್ಯ ಕರೆಂಟ್ ಬಿಲ್ಲನ್ನೂ ಎರಡೆರಡು ಸಲ ಓದುವವನು. ನಿಧಾನ ಸೈಕಲ್ ಸ್ಪರ್ಧೆಯಲ್ಲಿ ನನಗೆ ಬಂದ ದ್ವಿತೀಯ ಬಹುಮಾನದ ಹತ್ತಿರ ತಲುಪಿದಾಗ ಕುರ್ಚಿಗಳು ಸರಿಯುವ ಸದ್ದು ಕೇಳಿಸಿತು. ಜನ ಎದ್ದು ನಿಂತು ಗೌರವಿಸುತ್ತಿದ್ದಾರೆ ಎಂದುಕೊಂಡೆ. ಕಣ್ಣು ತುಂಬಿತು.

ಕಷ್ಟಪಟ್ಟು ಪೇಟ ಎತ್ತಿ ನೋಡಿದರೆ ಎದುರಿಗೆ ಖಾಲಿ ಕುರ್ಚಿಗಳು. ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆಗೆದಿದ್ದರು. ಊರೆಲ್ಲ ಸಾಲಿನಲ್ಲಿ ನಿಂತಿತ್ತು. ನಿರ್ದೇಶಕರೂ ತಟ್ಟೆ ಹಿಡಿದಿದ್ದರು.

ಹುಡುಗಿ ಬಂದವಳೇ ಖಜಾಂಚಿಯ ಕೈಯಿಂದ ಮೈಕು ಕಿತ್ತುಕೊಂಡಳು.

"ಅಂಕಲ್, ಇಳೀರಿ ಆ ಕುರ್ಚಿಯಿಂದ! ಸೈಕಲ್ ನಿಧಾನಕ್ಕೆ ತುಳಿಯೋದ್ರಲ್ಲೂ ಸೆಕೆಂಡ್ ಬಂದೋರಿಗೆ ಸನ್ಮಾನ ಬೇರೆ ಕೇಡು! ಬೆಳಿಗ್ಗೆಯಿಂದ ಬಿಸಿನೀರು ಕುಡಿದೂ ಕುಡಿದೂ ಹೊಟ್ಟೆ ಗೀಸರ್ ಆಗೋಗಿದೆ ನಂದು! ಏನ್ರೀ ಸಾಲಲ್ಲಿರೋರು, ಬಿಸಿಬೇಳೆಬಾತ್‌ಗೆ ಕಾಲಿದ್ಯಾ, ಓಡ್ಹೋಗತ್ತಾ?"

ಜನ ಬಿದ್ದುಬಿದ್ದು ನಕ್ಕರು. ಶಿಳ್ಳೆ ಹೊಡೆದರು. ನಿರ್ದೇಶಕರು ತಟ್ಟೆ ಸಮೇತ ವೇದಿಕೆಗೆ ಓಡಿ ಬಂದರು.

"ಇದೇ ಕಣಮ್ಮ ನಂಗೆ ಬೇಕಾಗಿದ್ದು! ನಾಯಕಿಯ ಜಗಳಗಂಟಿ ಅತ್ತಿಗೆ ಪಾತ್ರ ನಿಂದೇ."

"ಸಾರ್, ಹಾಡು?"

"ಹಾಡೋಕೆ ಬೇಕಾದಷ್ಟು ಜನ ಇದಾರೆ. ಹಿಂಗೆ ಬೈಯೋರು ಸಿಗಲ್ಲ," ಎಂದು ತುತ್ತು ನುಂಗಿ ಹೊರಟುಹೋದರು.

ಅಲ್ಲಿಂದೀಚೆಗೆ ಅವಳು ನಾಲ್ಕು ಸಿನಿಮಾಗಳಲ್ಲಿ ಬೈದಿದ್ದಾಳೆ. ಅತ್ತಿಗೆಯಾಗಿ ಬೈದಳು, ಹಾಸ್ಟೆಲ್ ವಾರ್ಡನ್ ಆಗಿ ಬೈದಳು, ಒಂದರಲ್ಲಿ ದೇವತೆಯಾಗಿ ಬಂದೂ ಬೈದಳು. ಬಸ್ಸಿನಲ್ಲಿ ಜನ, "ಮೇಡಂ, ನಮ್ಮೆಜಮಾನ್ರಿಗೆ ಒಂದ್ಸಲ ಬೈಯ್ರಿ," ಎಂದು ಮೊಬೈಲ್ ಹಿಡಿಯುತ್ತಾರಂತೆ. ಹಾಡುಗಳನ್ನು ಈಗಲೂ ಹಾಕುತ್ತಾಳೆ. ಅವುಗಳ ಕೆಳಗೆ ಜನ, ಹಾಡು ಸಾಕು, ಬೈಯಿರಿ ಎಂದು ಬರೆಯುತ್ತಾರೆ.

ನಾನು ಮಾಡಿದ್ದೇನು? ಟೀ ಅಂಗಡಿಯಲ್ಲಿ ಎದೆಯುಬ್ಬಿಸಿ, "ಅವಳನ್ನ ಬೆಳಕಿಗೆ ತಂದಿದ್ದೇ ನಾನು ಗುರು," ಎಂದು ಹೇಳಿಕೊಂಡು ತಿರುಗಿದೆ. ಮೊನ್ನೆ ಹಾಗೆ ಹೇಳುತ್ತಿದ್ದಾಗ ಹಿಂದೆ ಅವಳೇ ಹೆಲ್ಮೆಟ್ ಹಿಡಿದು ನಿಂತಿದ್ದಳು. ಊರಿಗೆಲ್ಲ ಬೈಯುವವಳು ನನಗೆ ಒಂದು ಮಾತೂ ಬೈಯಲಿಲ್ಲ. ಬನ್ನು ಕಟ್ಟಿಸಿಕೊಂಡು ಹೋದಳು. ನಾನು ಅರ್ಧ ಟೀ ಅಲ್ಲೇ ಬಿಟ್ಟು ಎದ್ದೆ.

ಮಾರನೆಯ ಬೆಳಿಗ್ಗೆ ಅವಳ ಮನೆಗೆ ಹೋದೆ. ಮೆಟ್ಟಿಲ ಮೇಲೆ ತಲೆ ಒಣಗಿಸುತ್ತಾ ಕೂತಿದ್ದಳು.

"ತಪ್ಪಾಯ್ತಮ್ಮ. ಅವತ್ತು ನಾನು..." ಎಂದು ಶುರು ಮಾಡಿದೆ. ಮನಸ್ಸಿನಲ್ಲಿ ಎರಡು ಪುಟದಷ್ಟು ಸಿದ್ಧಮಾಡಿಕೊಂಡಿದ್ದೆ.

"ಅಂಕಲ್, ಭಾಷಣ ಬೇಡ. ಮೂರು ನಿಮಿಷ ಬಾಯಿ ಮುಚ್ಕೊಂಡು ಕೂತ್ಕೊಳ್ಳೋಕಾಗತ್ತಾ?"

ಕೆಳಗಿನ ಮೆಟ್ಟಿಲಲ್ಲಿ ಕೂತೆ. ಅವಳು ಮೊಬೈಲಿನಲ್ಲಿ ತಾಳ ಹಾಕಿಕೊಂಡು, ಅಂದು ಹಾಡಬೇಕಿದ್ದ ಹಾಡನ್ನು ಹಾಡಿದಳು. ಎದುರಿನ ಶೆಡ್ಡಿನಲ್ಲಿ ಗ್ರೈಂಡಿಂಗ್ ನಡೆಯುತ್ತಿತ್ತು, ಅರ್ಧ ಪದಗಳು ತಿಳಿಯಲಿಲ್ಲ. ಎರಡನೇ ಚರಣದಲ್ಲಿ ಅವಳ ದನಿ ಒಮ್ಮೆ ಮೇಲೆ ಹೋಗಿ ಅಲುಗದೆ ಅಲ್ಲೇ ನಿಂತಿತು. ಏನಾದರೂ ಹೇಳಬೇಕೆಂದು ನಾಲಿಗೆ ತುದಿ ಕೆರೆಯಿತು. ತುಟಿ ಕಚ್ಚಿ ಹಿಡಿದೆ.

ಹಾಡು ಮುಗಿಯಿತು. ಅವಳು ನನ್ನ ಮುಖ ನೋಡಿದಳು.

"ಚೆನ್ನಾಗಿದೆ," ಎಂದೆ.

"ಅಷ್ಟೇನಾ?"

"ಅಷ್ಟೇ ಕಣಮ್ಮ," ಎಂದೆ. "ಇನ್ನೊಂದು ಹಾಡು."